ಕ್ಷಯ ಮತ್ತು ಕುಷ್ಠ: ಒಂದೇ ಕುಲದ ರೋಗಾಣುಗಳು

ಕ್ಷಯವು ಹೆಚ್ಚಾಗಿ ಶ್ವಾಸಕೋಶವನ್ನು, ಕುಷ್ಠವು ಚರ್ಮ ಮತ್ತು ನರಗಳನ್ನು ಪೀಡಿಸುವ ರೋಗ. ಮೇಲುನೋಟಕ್ಕೆ ಇವುಗಳಿಗೆ ಯಾವ ನಂಟೂ ಕಾಣುವುದಿಲ್ಲ. ಆದರೆ ಸೂಕ್ಷ್ಮಜೀವಿಶಾಸ್ತ್ರವು ಎರಡರ ರೋಗಾಣುಗಳನ್ನೂ ಮೈಕೋಬ್ಯಾಕ್ಟೀರಿಯೇಸೀ ಎಂಬ ಕುಟುಂಬದ ಮೈಕೋಬ್ಯಾಕ್ಟೀರಿಯಂ ಎಂಬ ಒಂದೇ ಕುಲದಲ್ಲಿ ಇರಿಸಿದೆ. ಕುಲವೆಂಬ ಮಾತು ಶರಣಮಾರ್ಗದವರಾದ ನಮ್ಮ ಕಿವಿಗೆ ತುಸು ಒರಟಾಗಿ ಕೇಳಿಸೀತು; ಇಲ್ಲಿ ಅದು ಅಣುಜೀವಿಗಳಿಗಷ್ಟೇ ಸಲ್ಲುತ್ತದೆ. ಈ ವರ್ಗೀಕರಣವು ಚಿಕಿತ್ಸೆಗೂ ನೇರವಾಗಿ ಸಂಬಂಧಿಸಿದ್ದರಿಂದ ಅದನ್ನು ಅರಿಯುವುದು ಅಗತ್ಯ.

ಕುಷ್ಠದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದರು; ಕ್ಷಯದ ರೋಗಾಣುವನ್ನು ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ಇವೆರಡನ್ನೂ ಬೆಸೆಯುವ ಲಕ್ಷಣ ಹೊರಗೋಡೆಯಲ್ಲಿದೆ. ಅದರಲ್ಲಿರುವ ಮೈಕೋಲಿಕ್ ಆಮ್ಲವು ಮೇಣದ ಕವಚದಂತೆ ವರ್ತಿಸುತ್ತದೆ. ಕೆಂಪು ಬಣ್ಣ ಹಾಯಿಸಿ ಆಮ್ಲದಿಂದ ತೊಳೆದರೆ ಇತರ ಅಣುಜೀವಿಗಳು ಬಣ್ಣ ಬಿಡುತ್ತವೆ, ಇವು ಬಿಡುವುದಿಲ್ಲ. ಕಫದ ಪರೀಕ್ಷೆಯಲ್ಲಿ ಇಂದಿಗೂ ಈ ಗುಣವೇ ಸಹಾಯಕ. ಹಲವು ಔಷಧಗಳನ್ನು ಒಳಬಿಡದ ಈ ಕವಚ ಹಾಗೂ ರೋಗಾಣುವಿನ ಮಂದಗತಿಯ ಬೆಳವಣಿಗೆಯಿಂದಾಗಿ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಬೇಕಾಗುತ್ತದೆ. ಕ್ಷಯದ ರೋಗಾಣು ಇಬ್ಭಾಗವಾಗಲು ಸುಮಾರು ಒಂದು ದಿನ ಬೇಕು; ಕುಷ್ಠದ್ದಕ್ಕೆ ಸುಮಾರು ಎರಡು ವಾರ!

ವೈದ್ಯರು ಈ ಕುಲವನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ಕಾಣುತ್ತಾರೆ. ಮೊದಲನೆಯದು ಕ್ಷಯದ ಬಳಗ. ಗೋವುಗಳನ್ನು ಬಾಧಿಸುವ ಬೋವಿಸ್ ಪ್ರಭೇದವೂ ಇದರಲ್ಲೇ ಇದ್ದು, ಕಾಯಿಸದ ಹಾಲಿನ ಮೂಲಕ ಮನುಷ್ಯರನ್ನು ಸೇರಬಲ್ಲದು. ಇದೇ ಬೋವಿಸನ್ನು ಫ್ರಾನ್ಸಿನ ಕ್ಯಾಲ್ಮೆಟ್ ಮತ್ತು ಗೆರಾನ್ 13 ವರ್ಷ ಪಳಗಿಸಿ ಬಿ.ಸಿ.ಜಿ. ಲಸಿಕೆಯನ್ನು ಸಿದ್ಧಪಡಿಸಿದರು. ಕ್ಷಯಕ್ಕಾಗಿ ರೂಪಿಸಿದ ಆ ಲಸಿಕೆ ಕುಷ್ಠದಿಂದಲೂ ಒಂದಿಷ್ಟು ರಕ್ಷಣೆ ಕೊಡುತ್ತದೆ. ಎರಡನೆಯ ಗುಂಪು ಕುಷ್ಠದ್ದು. ಮೂರನೆಯದು ಮಣ್ಣು, ನೀರುಗಳಲ್ಲಿ ವಾಸಿಸುವ, ಮುಖ್ಯವಾಗಿ ದುರ್ಬಲ ದೇಹವನ್ನು ಕಾಡುವ ಪ್ರಭೇದಗಳದ್ದು.

ಕುಷ್ಠವನ್ನು ಪಾಪದ ಫಲವೆಂದು ಬಗೆದು ರೋಗಿಗಳನ್ನು ಊರಾಚೆ ಇರಿಸಿದ್ದು ಎಷ್ಟು ನಿರಾಧಾರವೆಂಬುದು ಇಷ್ಟರಿಂದಲೇ ವಿದಿತ. ಅದರ ರೋಗಾಣು ಕ್ಷಯದ್ದರ ದಾಯಾದಿಯೇ ಹೊರತು ಬೇರೇನಲ್ಲ. ಹರಡುವ ಶಕ್ತಿಯಂತೂ ಕ್ಷಯದ್ದಕ್ಕಿಂತ ಬಹಳ ಕಡಿಮೆ. ಬಹುಔಷಧ ಚಿಕಿತ್ಸೆ ಪ್ರಾರಂಭವಾದ ಮೇಲೆ ರೋಗಿಯಿಂದ ಸೋಂಕು ಹಬ್ಬುವುದು ಬೇಗನೆ ನಿಲ್ಲುತ್ತದೆ. ಆರು ಅಥವಾ ಹನ್ನೆರಡು ತಿಂಗಳ ಈ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಇಲ್ಲಿ ಒಂದು ಎಚ್ಚರ ಬೇಕು. ರಿಫಾಂಪಿಸಿನ್ ಎಂಬ ಔಷಧ ಎರಡೂ ರೋಗಗಳಿಗೆ ಮದ್ದು. ಕ್ಷಯಕ್ಕೆ ಅದನ್ನು ಇತರ ಔಷಧಗಳೊಡನೆ ನಿತ್ಯವೂ ಕೊಡುತ್ತಾರೆ, ಕುಷ್ಠಕ್ಕೆ ತಿಂಗಳಿಗೊಮ್ಮೆ. ಕುಷ್ಠರೋಗಿಗೆ ಕ್ಷಯವೂ ಇದ್ದು ಅದು ಪತ್ತೆಯಾಗದಿದ್ದರೆ, ತಿಂಗಳಿಗೊಂದು ಗುಳಿಗೆ ಕ್ಷಯವನ್ನು ಗುಣಪಡಿಸದು. ರೋಗಾಣುವು ಔಷಧಕ್ಕೆ ಮಣಿಯದಂತಾಗುವ ಅಪಾಯವಿದೆ. ಆದಕಾರಣ ಸ್ಪರ್ಶಜ್ಞಾನವಿಲ್ಲದ ಮಚ್ಚೆಗಾಗಿ ವೈದ್ಯರ ಬಳಿ ಹೋಗುವ ಸದ್ಭಕ್ತರು ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆಗಳಿದ್ದರೆ ಅವನ್ನೂ ಮೊದಲೇ ಹೇಳಬೇಕು.