ಕೊಂಬು ಸಾಕು, ಇಡೀ ಹೋರಿ ಬೇಡ

ಚಳ್ಳಕೆರೆ ಬಳಿಯ ವರವು ಕಾವಲಿನ ಆಸುಪಾಸಿನ ಹುಡುಗರು ಕ್ರಿಕೆಟ್ಟಿಗೋ ವಾಲಿಬಾಲಿಗೋ ತಂಡ ಕಟ್ಟಿದರೆ ಲಾಂಛನದಲ್ಲಿ ಎಲ್ಲವೂ ಇರಲಿ ಅನ್ನಿಸುವುದು ಸಹಜ: ಅಮೃತಮಹಲ್ ಹೋರಿ, ಕೃಷ್ಣಮೃಗ, ಜೊತೆಗೆ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆ ನೌಕೆ ಬಂದಿಳಿದ ಡಿಆರ್‌ಡಿಒ ರನ್‌ವೇ. ಒಂದನ್ನು ಆರಿಸಿ, ಮಿಕ್ಕದ್ದು ಬಿಡಿ.

ನನ್ನ ಓಟು ಹೋರಿಗೆ. ಅದರಲ್ಲೂ ಕೊಂಬಿಗೆ ಮಾತ್ರ. ಬುಡದಲ್ಲಿ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಚೂಪಾಗುವ ಆ ಜೋಡಿ ಗೆರೆ ಈ ಸೀಮೆಯವರಿಗೆ ದೂರದಿಂದಲೇ ಗೊತ್ತಾಗುತ್ತದೆ. ವಾಟ್ಸಾಪ್ ಡಿಪಿಯಲ್ಲಿ ಉಗುರಿನಷ್ಟಾದರೂ ಕೊಂಬು ಕೊಂಬೇ; ಪೂರ್ತಿ ಹೋರಿಯಾದರೆ ಬರೀ ಮಸಿ ಚುಕ್ಕೆ.

ಮೊದಲು ಕಪ್ಪು-ಬಿಳುಪಿನಲ್ಲೇ ಬರೆಸಿ, ಚಿಕ್ಕದು ಮಾಡಿ ಜೆರಾಕ್ಸ್ ತೆಗೆಸಿ ನೋಡಿ. ಬಣ್ಣ ಆಮೇಲೆ. ತೀರಾ ತೆಳು ಗೆರೆಯನ್ನು ಎಂಬ್ರಾಯ್ಡರಿ ಮಿಷನ್ ಹೊಲಿಯಲಾರದು. ಒತ್ತಕ್ಷರಗಳ ಮೇಲೂ ಕಣ್ಣಿರಲಿ. ‘ಚಳ್ಳಕೆರೆ’ಯಲ್ಲಿ ಮೊದಲು ಮುಚ್ಚಿಕೊಳ್ಳುವುದು ಆ ಳ ಒತ್ತೇ. ಜರ್ಸಿಯ ಎದೆ ಮೇಲಿನ ಸಣ್ಣ ಗಾತ್ರಕ್ಕೆ ಹೆಸರಿಲ್ಲದ ಇನ್ನೊಂದು ರೂಪ ಇಟ್ಟುಕೊಳ್ಳಿ.

ಡಿಟಿಪಿ ಅಂಗಡಿಯಿಂದ ಬರೀ ಜೆಪಿಜಿ ತರಬೇಡಿ. ಹತ್ತಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಅದರ ಅಂಚು ಹಲ್ಲುಹಲ್ಲಾಗುತ್ತದೆ. ಕೋರೆಲ್‌ಡ್ರಾದ ಮೂಲ ಫೈಲು, ಜೊತೆಗೊಂದು ವೆಕ್ಟರ್ ಪಿಡಿಎಫ್ ಕೇಳಿ ಪಡೆಯಿರಿ. ಹೆಸರನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಅಕ್ಷರಗಳನ್ನು ಕರ್ವ್ ಮಾಡಿಸಲು, ಅಂದರೆ ಬರೀ ಆಕಾರಗಳಾಗಿಸಲು, ಮರೆಯಬೇಡಿ. ಇಲ್ಲದಿದ್ದರೆ ನುಡಿ ಫಾಂಟಿಲ್ಲದ ತಿರುಪ್ಪೂರಿನ ಜರ್ಸಿಯವರ ಕಂಪ್ಯೂಟರಿನಲ್ಲಿ ನಿಮ್ಮೂರ ಹೆಸರು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡೀತು.