ಮುಚ್ಚಿದ ಸ್ಕೀ ಬೆಟ್ಟಕ್ಕೆ ಊರೇ ಆಸರೆ

ಅಮೆರಿಕದ ವರ್ಮಾಂಟ್ ರಾಜ್ಯದ ವೆಸ್ಟ್ ವಿಂಡ್ಸರ್ ಪುಟ್ಟ ಊರು. ಅಲ್ಲಿನ ಆಸ್ಕಟ್ನಿ ಸ್ಕೀ ರೆಸಾರ್ಟ್ 2010ರಲ್ಲಿ ಮುಚ್ಚಿತು. ಅದರ ವೇಗದ ಚೇರ್‌ಲಿಫ್ಟ್ ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟವೊಂದರ ಪಾಲಾಯಿತು. ಈಗ ಅದೇ ಇಳಿಜಾರಿನಲ್ಲಿ ಮಕ್ಕಳು ಮತ್ತೆ ಜಾರುತ್ತಿದ್ದಾರೆ. ಇಂಥ ಬೆಟ್ಟಗಳಲ್ಲಿ ಪೊದೆ ಕಡಿದು, ಹಗ್ಗ ಎಳೆದು ಕಲಿತದ್ದನ್ನು ಆಸ್ಕಟ್ನಿಯನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ.

1. ಮೊದಲು ನೆಲ, ಆಮೇಲೆ ಲಿಫ್ಟ್. ಮಾಲೀಕ ಸೋತರೆ ಬೆಟ್ಟವೂ ಹರಾಜಿಗೆ ಬರುತ್ತದೆ. 2014ರಲ್ಲಿ ಬೆಟ್ಟವನ್ನು ಕೊಳ್ಳಲು ಊರಿನ ಮತದಾರರು 1,05,000 ಡಾಲರ್ ಕೊಡಲು ಒಪ್ಪಿದರು. ಉಳಿದ ಹಣ ಕೂಡಿಸಲು ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್ ಸಂಸ್ಥೆ ನಿಂತಿತು. 469 ಎಕರೆ ನಮ್ಮ ಕಡೆಯ ಗೋಮಾಳದಂತೆ ಊರಿನ ಸ್ವತ್ತಾಯಿತು. ಇನ್ನು ಅಲ್ಲಿ ಬಂಗಲೆ ಏಳುವಂತಿಲ್ಲ.

2. ಹಳೆಯ ವೈಭವದ ಹಿಂದೆ ಬೀಳಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ಪಾಠ, ಏಕೆಂದರೆ ಹಿರಿಯರ ಕಣ್ಣಲ್ಲಿ ಇನ್ನೂ ಹಳೆಯ ಬೆಟ್ಟವೇ ಇರುತ್ತದೆ. ರೆಸಾರ್ಟ್ ಕಾಲದಲ್ಲಿ ಇಳಿಜಾರಿನ ಎತ್ತರ 1,800 ಅಡಿ. ಈಗಿನ ಟಿ-ಬಾರ್ ಲಿಫ್ಟ್ ಸ್ಕೀಯರ್‌ಗಳನ್ನು ಎಳೆದೊಯ್ಯುವುದು ಸುಮಾರು 435 ಅಡಿ ಎತ್ತರಕ್ಕಷ್ಟೇ. ಅದಕ್ಕೂ ಮೇಲೆ ಬೇಕಾದವರು ಸ್ಕೀ ತಳಕ್ಕೆ ಹಿಡಿತದ ಪಟ್ಟಿ ಅಂಟಿಸಿಕೊಂಡು ನಡೆದೇ ಹತ್ತುತ್ತಾರೆ. ಕೃತಕ ಹಿಮ ಇಲ್ಲ. ಅದಕ್ಕೆ ಬೇಕಾದ ಪಂಪು, ಪೈಪು, ಕರೆಂಟು ಬಿಲ್ಲು ಎಂದರೆ ಸಾಲ. ಆ ಸಾಲ ತೀರಿಸಲು ಟಿಕೆಟ್ ದರ ಏರಿಸಬೇಕು. ದರ ಏರಿದರೆ ಊರವರೇ ದೂರವಾಗುತ್ತಾರೆ. ಹಿಮ ಬಿದ್ದಾಗ ತೆರೆಯುವುದು, ಕರಗಿದಾಗ ಮುಚ್ಚುವುದು, ಇದರಲ್ಲಿ ಅವಮಾನವೇನಿಲ್ಲ. ಈ ಆಟ ಶುರುವಾದದ್ದೂ ಸರಳವಾಗಿಯೇ: ಪಕ್ಕದ ವುಡ್‌ಸ್ಟಾಕ್‌ನಲ್ಲಿ 1934ರಲ್ಲಿ ಅಮೆರಿಕದ ಮೊದಲ ರೋಪ್ ಟೋ (ಸ್ಕೀಯರ್‌ಗಳನ್ನು ಮೇಲಕ್ಕೆ ಎಳೆಯುವ ಹಗ್ಗ) ಓಡಿದ್ದು ಹೊಲವೊಂದರಲ್ಲಿ, ಫೋರ್ಡ್ ಮಾಡೆಲ್ ಟಿ ಎಂಜಿನ್ ಬಲದಿಂದ.

3. ಮಕ್ಕಳು ಮೊದಲು. ಶಾಲೆ ಬಿಟ್ಟ ಮೇಲೆ ಬೆಟ್ಟಕ್ಕೆ ಬರುವ ಮಗುವಿನ ಹಿಂದೆ ಅಪ್ಪ ಅಮ್ಮ ಬರುತ್ತಾರೆ, ಅವರೇ ನಾಳೆಯ ಸ್ವಯಂಸೇವಕರು.

4. ಶ್ರಮದಾನಕ್ಕೆ ಎಲ್ಲೆಯಿದೆ. ಪೊದೆ ಕಡಿಯಲು, ಟಿಕೆಟ್ ಕೊಡಲು, ಸೂಪು ಬಡಿಸಲು ಊರವರು ಸಾಕು. ಲಿಫ್ಟ್‌ನ ಬ್ರೇಕು, ಕೇಬಲ್ಲು ಮಾತ್ರ ಬಲ್ಲವರ ಕೈಯಲ್ಲೇ ಇರಲಿ. ವಿಮೆಯಲ್ಲಿ ಉಳಿತಾಯ ಮಾಡಲೇಬೇಡಿ. ಗಾಯಗೊಂಡ ಸ್ಕೀಯರ್‌ಗೆ ಸ್ಟ್ರ್ಯಾಟನ್ ಬೆಟ್ಟದವರು 15 ಲಕ್ಷ ಡಾಲರ್ ಕೊಡಬೇಕೆಂಬ ತೀರ್ಪನ್ನು ವರ್ಮಾಂಟ್ ಸುಪ್ರೀಂ ಕೋರ್ಟ್ 1978ರಲ್ಲಿ ಎತ್ತಿಹಿಡಿದ ಮೇಲೆ ವಿಮೆಯ ಕಂತು ಏರಿತು; ಸಣ್ಣ ಬೆಟ್ಟಗಳಿಗೆ ಅದು ದೊಡ್ಡ ಹೊರೆಯಾಯಿತು.

5. ಬೇಸಿಗೆಯಲ್ಲೂ ಬೆಟ್ಟ ತೆರೆದಿರಲಿ. ಆಸ್ಕಟ್ನಿಯ ಸೈಕಲ್ ಹಾದಿಗಳು ಹಿಮವಿಲ್ಲದ ದಿನಗಳಲ್ಲೂ ಜನರನ್ನು ಕರೆತರುತ್ತವೆ.

ನ್ಯೂ ಇಂಗ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ಹತ್ತಿರದಲ್ಲೂ ಇಂಥ ಬೆಟ್ಟವೊಂದಿರಬಹುದು. ಪೊದೆ ಕಡಿಯುವ ಕೆಲಸ ಹಿಮ ಬೀಳುವ ಮೊದಲೇ ಮುಗಿಯಬೇಕು. ಶರತ್ಕಾಲದ ಒಂದು ಶನಿವಾರ ಕೈಗವಸು ಹಾಕಿಕೊಂಡು ಬನ್ನಿ. ಸ್ಕೀ ಬರದಿದ್ದರೂ ಕೆಲಸವಿದೆ.