ಕೊಂಡ ಮೇಲೂ ಬದಲಾಗುವ ಬಂಡಿ

ಮನುಷ್ಯನ ನಾಗರಿಕತೆಯ ಚರಿತ್ರೆಯನ್ನು ಅವನ ಬಂಡಿಗಳ ಚರಿತ್ರೆ ಎಂದು ಕರೆದರೂ ತಪ್ಪಾಗಲಾರದು. ಎತ್ತಿನ ಗಾಡಿ, ಜಟಕಾ, ಮೋಟಾರು, ಈಗ ವಿದ್ಯುತ್ ಕಾರು, ಹೀಗೆ ಈ ಮೆರವಣಿಗೆ ಸಾಗಿಬಂದಿದೆ. ಇತ್ತೀಚಿನವರೆಗೆ ಇವೆಲ್ಲಕ್ಕೂ ಸಮಾನವಾದ ಒಂದು ಗುಣವಿದ್ದಿತು. ಕೊಂಡ ದಿನ ಬಂಡಿ ಹೇಗಿತ್ತೋ ಅದೇ ಅದರ ಅತ್ಯುತ್ತಮ ಸ್ಥಿತಿ; ಆಮೇಲೆ ಅದು ಸವೆಯುವುದೇ ಹೊರತು ಸುಧಾರಿಸುವುದಿಲ್ಲ. ಚಕ್ರದ ಮರ ಬಿರುಕುಬಿಟ್ಟರೆ ಊರಿನ ಬಡಗಿ ಇದ್ದ. ಪಟ್ಟೆ ಸಡಿಲವಾದರೆ ಕಮ್ಮಾರ ಇದ್ದ. ವಿದ್ಯುತ್ ಕಾರು ಈ ಹಳೆಯ ನಿಯಮವನ್ನು ಮುರಿದಿದೆ. ಅದು ಕೊಂಡ ಮೇಲೂ ಬದಲಾಗುತ್ತದೆ. ಆ ಬದಲಾವಣೆಯ ಬೀಗದಕೈ ಯಾರಲ್ಲಿದೆ, ಕೊಂಡವನು ಅದನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಕಲಾವಿಭಾಗದ ವಿದ್ಯಾರ್ಥಿಗೆ ಕಾರಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಒಡೆತನವೆಂದರೇನು ಎಂಬ ಪ್ರಶ್ನೆ ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಅರ್ಥಶಾಸ್ತ್ರಕ್ಕೂ ರಾಜ್ಯಶಾಸ್ತ್ರಕ್ಕೂ ಸೇರಿದ್ದು ಎಂಬುದೇ ನನ್ನ ಉತ್ತರ.

ಮೊದಲು ಸಾಫ್ಟ್‌ವೇರ್ ಎಂದರೇನೆಂದು ನೋಡೋಣ. ಈಗಿನ ವಿದ್ಯುತ್ ಕಾರಿನೊಳಗೆ ಹತ್ತಾರು ಸಣ್ಣ ಕಂಪ್ಯೂಟರುಗಳಿರುತ್ತವೆ. ಅವುಗಳಲ್ಲೊಂದು ಬ್ಯಾಟರಿಯನ್ನು ಕಾಯುತ್ತದೆ. ಕೋಶಗಳ ವೋಲ್ಟೇಜು ಎಷ್ಟು, ಉಷ್ಣತೆ ಎಷ್ಟು, ಯಾವ ವೇಗದಲ್ಲಿ ಚಾರ್ಜು ಮಾಡಿದರೆ ಅಪಾಯವಿಲ್ಲ, ಇನ್ನೆಷ್ಟು ದೂರ ಹೋಗಬಹುದು ಎಂಬುದನ್ನೆಲ್ಲ ಲೆಕ್ಕಹಾಕುವುದು ಅದರ ಕೆಲಸ. ಇನ್ನೊಂದು ಮೋಟಾರನ್ನು ನಡೆಸುತ್ತದೆ. ಚಾಲಕನು ಪೆಡಲು ಒತ್ತಿದಾಗ ಎಷ್ಟು ವಿದ್ಯುತ್ತನ್ನು ಬಿಡಬೇಕು, ಕಾಲು ತೆಗೆದಾಗ ಓಟದ ಶಕ್ತಿಯಿಂದ ಎಷ್ಟನ್ನು ಬ್ಯಾಟರಿಗೆ ಹಿಂದಿರುಗಿಸಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಇವೆಲ್ಲ ಒಂದು ಜೊತೆ ತಂತಿಯ ಮೇಲೆ ಪರಸ್ಪರ ಮಾತನಾಡಿಕೊಳ್ಳುತ್ತವೆ. ಈ ಸಂಭಾಷಣೆಯ ಪದ್ಧತಿಗೆ ‘ಕ್ಯಾನ್’ ಎಂದು ಹೆಸರು. ಜರ್ಮನಿಯ ಬಾಷ್ ಸಂಸ್ಥೆಯವರು ಅದನ್ನು 1986ರಲ್ಲಿ ಲೋಕದ ಮುಂದಿಟ್ಟರು. ಈ ಕಂಪ್ಯೂಟರುಗಳಿಗೆ ಬರೆದುಕೊಟ್ಟ ಆಜ್ಞೆಗಳ ಕಟ್ಟೇ ಸಾಫ್ಟ್‌ವೇರ್. ಲೋಹ, ತಂತಿ, ಗಾಜು ಇವು ಕಾರಿನ ದೇಹವಾದರೆ ಸಾಫ್ಟ್‌ವೇರ್ ಅದರ ಬುದ್ಧಿ. ಹಳೆಯ ಆಜ್ಞೆಗಳನ್ನು ತೆಗೆದು ತಿದ್ದಿದ ಆಜ್ಞೆಗಳನ್ನು ಬರೆಯುವುದಕ್ಕೆ ಅಪ್‌ಡೇಟ್ ಎನ್ನುತ್ತಾರೆ.

ಅಪ್‌ಡೇಟ್ ಬರುವ ದಾರಿಗಳು ಎರಡು. ಮೊದಲನೆಯದು ಗಾಳಿಯ ದಾರಿ. ಕಾರಿನಲ್ಲಿಯೇ ಮೊಬೈಲಿನಂತೆ ಒಂದು ಸಿಮ್ ಇರುತ್ತದೆ; ಕಂಪನಿಯ ಕಂಪ್ಯೂಟರಿನಿಂದ ಹೊಸ ಆಜ್ಞೆಗಳು ಅದರ ಮೂಲಕ ನೇರವಾಗಿ ಇಳಿಯುತ್ತವೆ. ಬೆಂಗಳೂರಿನ ಏಥರ್ ಸಂಸ್ಥೆಯು 2018ರಲ್ಲಿ ಹೊರತಂದ ವಿದ್ಯುತ್ ಸ್ಕೂಟರಿಗೂ ಈ ಅನುಕೂಲವಿತ್ತು. ಎರಡನೆಯದು ಡೀಲರಿನ ದಾರಿ. ಇಲ್ಲಿ ಕಾರನ್ನು ಸರ್ವೀಸ್ ಸೆಂಟರಿಗೆ ಒಯ್ಯಬೇಕು. ಸ್ಟಿಯರಿಂಗಿನ ಕೆಳಭಾಗದಲ್ಲಿರುವ ಒಂದು ಕಿಂಡಿಗೆ ಮೆಕ್ಯಾನಿಕನು ತಂತಿ ಸಿಕ್ಕಿಸಿ, ತನ್ನ ಲ್ಯಾಪ್‌ಟಾಪಿನಲ್ಲಿ ಕಾರಿನ ಈಗಿನ ಸಾಫ್ಟ್‌ವೇರಿನ ಸಂಖ್ಯೆಯನ್ನು ಓದುತ್ತಾನೆ. ಆ ಕಾರಿಗೆ ಒಪ್ಪುವ ಹೊಸ ಕಟ್ಟನ್ನು ಕಂಪನಿಯಿಂದ ತರಿಸಿಕೊಂಡು ಒಂದೊಂದೇ ಕಂಪ್ಯೂಟರಿಗೆ ಬರೆಯುತ್ತಾನೆ.

ವಿದ್ಯುತ್ ಕಾರಿನಲ್ಲಿ ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಇರುತ್ತದೆ. ಒಳಗಿನ ಕಂಪ್ಯೂಟರುಗಳಿಗೆಲ್ಲ ಅದೇ ಆಧಾರ. ಬರೆಯುತ್ತಿರುವಾಗ ಅದು ಸೋತರೆ ಆಜ್ಞೆಗಳು ಅರ್ಧಕ್ಕೆ ನಿಂತು ಕಾರು ಕದಲದೆ ಹೋಗಬಹುದು. ಆದುದರಿಂದ ತಿಳಿದ ಮೆಕ್ಯಾನಿಕನು ಹೊರಗಿನಿಂದ ವಿದ್ಯುತ್ ಆಸರೆ ಕೊಟ್ಟೇ ಈ ಕೆಲಸಕ್ಕೆ ಕೈಹಾಕುತ್ತಾನೆ. ಹಿಂದೆ ಅರಮನೆಯ ಓಲೆಗೆ ಮುದ್ರೆ ಇರುತ್ತಿದ್ದಂತೆ, ಕಂಪನಿಯಿಂದ ಬಂದ ಆಜ್ಞೆಗಳಿಗೂ ಗಣಿತದ ಒಂದು ಗುಪ್ತಮುದ್ರೆ ಇರುತ್ತದೆ; ಮುದ್ರೆ ತಾಳೆಯಾಗದಿದ್ದರೆ ಕಾರು ಅವುಗಳನ್ನು ಒಪ್ಪುವುದಿಲ್ಲ. ಕಳ್ಳರ ಕೈಯಿಂದ ಇದು ರಕ್ಷಣೆ. ಆದರೆ ಊರಿನ ಮೆಕ್ಯಾನಿಕ್ ಎಷ್ಟೇ ಜಾಣನಾದರೂ ಬಾಗಿಲ ಹೊರಗೇ ನಿಲ್ಲಬೇಕಾದ ಕಾರಣವೂ ಇದೇ.

ಈ ಬಗೆಯ ದೂರನಿಯಂತ್ರಣದ ವಿಚಾರ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ಸಂಸ್ಥೆಯವರು 2009ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಒಂದು ಹೊಸ ಮಾದರಿಯನ್ನು ತೋರಿಸಿದರು. ದಾರಿಯಲ್ಲಿ ಚಾರ್ಜು ತೀರಿಹೋದ ಚಾಲಕನು ಕಂಪನಿಗೆ ಕರೆಮಾಡಿದರೆ, ಅವರು ದೂರದಿಂದಲೇ ಬ್ಯಾಟರಿಯಲ್ಲಿ ಕಾದಿಟ್ಟ ಸ್ವಲ್ಪ ಶಕ್ತಿಯನ್ನು ಬಿಡಿಸಿಕೊಡುವ ಯೋಜನೆ ಅದರಲ್ಲಿದ್ದಿತು. ಕಾರು ಚಾಲಕನದು, ಆದರೆ ಅದರ ಕೊನೆಯ ಗುಟುಕಿನ ಬೀಗದಕೈ ಕಂಪನಿಯದು! ಇಂದಿನ ಪ್ರಶ್ನೆಯೆಲ್ಲ ಆ ಬೀಜದಲ್ಲಿಯೇ ಇದ್ದಂತೆ ನನಗೆ ತೋರುತ್ತದೆ.

ಅಪ್‌ಡೇಟಿನಿಂದ ಆಗುವ ಲಾಭ ಸಾಮಾನ್ಯವಾದುದಲ್ಲ. ಅಮೆರಿಕದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯವರು 2018ರಲ್ಲಿ ಟೆಸ್ಲಾ ಮಾಡೆಲ್ 3 ಕಾರನ್ನು ಪರೀಕ್ಷಿಸಿದರು. ಗಂಟೆಗೆ 60 ಮೈಲಿಯ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕಾಯಿತು. ಇದು ಹೆಚ್ಚೆಂದು ಅವರು ಬರೆದ ಕೆಲವೇ ದಿನಗಳಲ್ಲಿ ಕಂಪನಿಯವರು ಗಾಳಿಯ ದಾರಿಯಲ್ಲಿ ಅಪ್‌ಡೇಟ್ ಕಳುಹಿಸಿದರು. ಮರುಪರೀಕ್ಷೆಯಲ್ಲಿ ಆ ದೂರ 133 ಅಡಿಗೆ ಇಳಿಯಿತು. ಒಂದು ನಟ್ಟನ್ನೂ ತಿರುಗಿಸದೆ 19 ಅಡಿ ಉಳಿಯಿತು. ರಸ್ತೆಗೆ ಅಡ್ಡ ಬಂದ ಮಗುವಿನ ಪಾಲಿಗೆ 19 ಅಡಿಯೆಂದರೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಡೀಲರಿನ ದಾರಿಯಲ್ಲಿಯೂ ಒಳ್ಳೆಯದು ಬಂದುದುಂಟು. ಟಾಟಾ ಸಂಸ್ಥೆಯ ಒಡೆತನದ ಜಾಗ್ವಾರ್, ತನ್ನ ಐ-ಪೇಸ್ ಕಾರುಗಳಿಗೆ 2019ರ ಕೊನೆಯಲ್ಲಿ ಡೀಲರುಗಳ ಮೂಲಕ ಉಚಿತ ಅಪ್‌ಡೇಟ್ ಪ್ರಕಟಿಸಿತು. ಅದರಿಂದ 20 ಕಿ.ಮೀ.ವರೆಗೆ ಹೆಚ್ಚು ದೂರ ಸಿಗುವುದೆಂದು ತಿಳಿಸಿತು. ನಮ್ಮ ದೇಶದಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಸುಮಾರು 22,000 ಹಳೆಯ ಗಿರಾಕಿಗಳಿಗೆ, ಹೊಸ ಮಾದರಿಯ ಕೆಲವು ಸೌಲಭ್ಯಗಳನ್ನು 2022ರ ಜುಲೈ 25ರಿಂದ ಸರ್ವೀಸ್ ಸೆಂಟರುಗಳಲ್ಲಿ ಉಚಿತವಾಗಿ ಹಾಕಿಕೊಡುವುದಾಗಿ ಕಂಪನಿ ಸಾರಿತು. ಮರುವರ್ಷ ನೆಕ್ಸಾನ್ ಮ್ಯಾಕ್ಸ್ ಮಾದರಿಯ ಪರೀಕ್ಷಾದೂರವು 437ರಿಂದ 453 ಕಿ.ಮೀ.ಗೆ ಏರಿತು, ಹಿಂದೆ ಕೊಂಡವರು 2023ರ ಫೆಬ್ರವರಿ 15ರಿಂದ ಡೀಲರಲ್ಲಿಗೆ ಹೋಗಿ ಅದನ್ನು ಪಡೆಯಬಹುದೆಂದು ಹೇಳಲಾಯಿತು. ಮನೆಯಲ್ಲಿ ಕಟ್ಟಿದ ಎತ್ತು ಕೊಂಡ ವರ್ಷದ ಮೇಲೆ ಇನ್ನೂ ಹದಿನಾರು ಕಿಲೋಮೀಟರು ಹೆಚ್ಚು ನಡೆಯಲು ಕಲಿತರೆ ರೈತನಿಗೆ ಎಷ್ಟು ಸಂತೋಷವಾದೀತು!

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದ ಷೆವ್ರೊಲೆ ಬೋಲ್ಟ್ ಕಾರುಗಳ ಬ್ಯಾಟರಿಗೆ ಬೆಂಕಿಯ ಭಯ ಕಂಡುಬಂದಾಗ, 2020ರ ನವೆಂಬರಿನಲ್ಲಿ ಸುಮಾರು 68,000 ಕಾರುಗಳನ್ನು ಹಿಂದಕ್ಕೆ ಕರೆಯಲಾಯಿತು. ಡೀಲರುಗಳು ಅಪ್‌ಡೇಟ್ ಮಾಡಿ, ಬ್ಯಾಟರಿ 90 ಶೇಕಡಕ್ಕಿಂತ ಹೆಚ್ಚು ತುಂಬದಂತೆ ಕಟ್ಟುಹಾಕಿದರು. ಜೀವರಕ್ಷಣೆಗೆ ಅದು ಅಗತ್ಯವೇ. ಆದರೂ ಹಣ ಕೊಟ್ಟು ಕೊಂಡ ದೂರದಲ್ಲಿ ಹತ್ತನೆಯ ಒಂದು ಪಾಲು ತತ್ಕಾಲಕ್ಕೆ ಹೋಯಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಐಡಿ.3 ಕಾರಿನ ಮೊದಲ ಗಿರಾಕಿಗಳು 2020ರಲ್ಲಿ ಕೆಲವು ಸೌಲಭ್ಯಗಳಿನ್ನೂ ಸಿದ್ಧವಾಗಿರದ ಕಾರನ್ನೇ ಮನೆಗೆ ಒಯ್ದರು. ಉಳಿದುದನ್ನು ಪಡೆಯಲು ಮತ್ತೆ ಡೀಲರಲ್ಲಿಗೆ ಹೋಗಬೇಕಾಯಿತು. ಅಪ್‌ಡೇಟ್ ಕೊಡಬಲ್ಲದು, ಕಿತ್ತುಕೊಳ್ಳಬಲ್ಲದು, ಸಾಲವನ್ನೂ ಹೇಳಬಲ್ಲದು ಎಂಬುದು ಇವುಗಳಿಂದ ಸ್ಪಷ್ಟವಾಗುತ್ತದೆ.

ಈ ವಿಚಾರ ನನಗೆ ಪುಸ್ತಕದಿಂದ ಬಂದುದಲ್ಲ. ನಮ್ಮ ಚಿಕ್ಕಪ್ಪ ಬ್ಯಾಂಕಿನ ಸಾಲದಿಂದ ಒಂದು ವಿದ್ಯುತ್ ಕಾರನ್ನು ಕೊಂಡು ಬಾಡಿಗೆಗೆ ಓಡಿಸುತ್ತಾರೆ. ಅದರ ಮೀಟರಿನಲ್ಲಿ 20 ಶೇಕಡ ಇದ್ದ ಚಾರ್ಜು ಕಣ್ಣೆದುರಿಗೇ 8ಕ್ಕೆ ಕುಸಿಯತೊಡಗಿತು. ಇದಕ್ಕೆ ಹೊಸ ಸಾಫ್ಟ್‌ವೇರ್ ಬಂದಿದೆಯೆಂದು ಮೊಬೈಲಿಗೆ ಸಂದೇಶವೂ ಬಂದಿತು. ಡೀಲರಿರುವುದು ನಮ್ಮ ಊರಿನಿಂದ 70 ಕಿ.ಮೀ. ದೂರದ ಜಿಲ್ಲಾ ಕೇಂದ್ರದಲ್ಲಿ. ಮೊದಲ ಸಲ ಹೋದಾಗ ಆ ಕೆಲಸ ಬಲ್ಲ ಹುಡುಗ ರಜದಲ್ಲಿದ್ದ. ಎರಡನೆಯ ಸಲ ‘ಸರ್ವರ್ ಇಲ್ಲ’ ಎಂದರು. ಮೂರನೆಯ ಸಲ ಎರಡೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಬಾಡಿಗೆಯ ಮೂರು ದಿನಗಳು ಹಾಗೆಯೇ ಹೋದವು. ಕೈಗೆ ಬಂದ ಜಾಬ್ ಕಾರ್ಡಿನಲ್ಲಿ ಸಾಫ್ಟ್‌ವೇರ್ ಬದಲಾಯಿಸಲಾಗಿದೆ ಎಂಬ ಇಂಗ್ಲಿಷಿನ ಒಂದು ಸಾಲಿನ ಹೊರತು ಬೇರೇನೂ ಇರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಾದುದರಿಂದ, ಕಾರಿನ ಇಂಗ್ಲಿಷ್ ಪುಸ್ತಕವನ್ನು ಓದಿಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ದಿನ ನಾನೂ ಜೊತೆಗೆ ಹೋಗಿದ್ದೆ. ಏನು ಬದಲಾಯಿತೆಂದು ಕೇಳಿದಾಗ, ಆ ಹುಡುಗ ಬೇಸರಪಡದೆ ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟ. ಒಮ್ಮೆ ನಿಧಾನವಾಗಿ ಪೂರ್ತಿ ಚಾರ್ಜು ಮಾಡಿದರೆ ಮೀಟರು ಸರಿಯಾಗಿ ಅಳೆಯುವುದೆಂದೂ ತಿಳಿಸಿದ. ಹಾಗೆಯೇ ಆಯಿತು. ಹಿಂದಿರುಗುವಾಗ ಚಿಕ್ಕಪ್ಪ, “ಗಾಡಿ ನಂದು, ಸಾಲ ನಂದು, ಕಂತು ಕಟ್ಟೋನೂ ನಾನು. ಅದರ ಬುದ್ಧಿ ಮಾತ್ರ ಅವರ ತಾವ ಐತೆ, ಅಲ್ವೇನೋ ಮಗಾ?” ಎಂದರು. ಒಡೆತನದ ವಿಚಾರದಲ್ಲಿ ನಾನು ತರಗತಿಯಲ್ಲಿ ಕೇಳಿದ ಯಾವ ಪಾಠವೂ ಈ ಮಾತಿನಷ್ಟು ನಾಟಿರಲಿಲ್ಲ.

ಹಾಗಾದರೆ ಕೊಂಡವನಿಗೆ ಹಕ್ಕೇ ಇಲ್ಲವೆ? ಉಂಟು. ವಿಶ್ವಸಂಸ್ಥೆಯ ಆಶ್ರಯದಲ್ಲಿ 2020ರಲ್ಲಿ ಅಂಗೀಕೃತವಾದ 156ನೆಯ ನಿಯಮವು ವಾಹನಗಳ ಅಪ್‌ಡೇಟಿಗೆಂದೇ ರಚಿತವಾಗಿದೆ. ಗಾಳಿಯ ದಾರಿಯ ಅಪ್‌ಡೇಟಿಗೆ ಮೊದಲು ಅದರ ಉದ್ದೇಶವೇನು, ಏನು ಬದಲಾಗುವುದು, ಎಷ್ಟು ಹೊತ್ತು ಹಿಡಿಯುವುದು ಎಂಬುದನ್ನು ಬಳಸುವವನಿಗೆ ತಿಳಿಸಬೇಕು. ನಡುವೆ ಕೆಟ್ಟರೆ ಹಳೆಯ ಆಜ್ಞೆಗಳಿಗೆ ಮರಳಬೇಕು, ಇಲ್ಲವೆ ವಾಹನವು ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲಬೇಕು ಎಂದು ಅದು ಹೇಳುತ್ತದೆ. ಯೂರೋಪಿನ ಒಕ್ಕೂಟದಲ್ಲಿ ಇದು 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಗಿದೆ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಗ್ರಾಹಕನಿಗೆ ಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವೆಯ ಕೊರತೆಯೇ ಎಂದು ಅದು ಎಣಿಸುತ್ತದೆ. ವ್ಯಾಪಾರಕ್ಕಾಗಿ ಕೊಂಡವನು ಗ್ರಾಹಕನಲ್ಲವಾದರೂ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಕೊಂಡು ಬಳಸುವವನು ಗ್ರಾಹಕನೇ. ಒಂದು ಕಾರನ್ನು ತಾನೇ ಓಡಿಸಿ ಜೀವನ ಸಾಗಿಸುವವರಿಗೆ ಇದು ದೊಡ್ಡ ಆಸರೆ. ಡೀಲರಿರುವ ಊರಿಗೇ ಅಲೆಯದೆ, ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅದಕ್ಕೂ ಮೊದಲು 1915 ಎಂಬ ಸಹಾಯವಾಣಿಗೆ ಕರೆಮಾಡಿ ಸಲಹೆ ಪಡೆಯಬಹುದು.

ಇನ್ನು ಹೊಸದಾಗಿ ವಿದ್ಯುತ್ ಕಾರು ಕೊಳ್ಳುವವರಿಗೆ ಕೆಲವು ಮಾತುಗಳು. ಮೊದಲನೆಯದಾಗಿ, ಅಪ್‌ಡೇಟ್ ಯಾವ ದಾರಿಯಲ್ಲಿ ಬರುವುದು, ಬ್ಯಾಟರಿಯ ಮತ್ತು ಮೋಟಾರಿನ ಕಂಪ್ಯೂಟರುಗಳಿಗೂ ಬರುವುದೋ ಅಥವಾ ಹಾಡು, ನಕ್ಷೆ ತೋರಿಸುವ ಪರದೆಗೆ ಮಾತ್ರವೋ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಎರಡನೆಯದಾಗಿ, ಎಷ್ಟು ವರ್ಷ ಉಚಿತವೆಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಮೂರನೆಯದಾಗಿ, ಹೋಗುವ ಮುನ್ನ ಕರೆಮಾಡಿ, ಕೆಲಸ ಬಲ್ಲವನೂ ಲ್ಯಾಪ್‌ಟಾಪೂ ಆ ದಿನ ಇರುವುದನ್ನು ಖಚಿತಪಡಿಸಿಕೊಂಡು, ಸಮಯ ಗೊತ್ತುಮಾಡಿಕೊಳ್ಳಬೇಕು. ನಾಲ್ಕನೆಯದಾಗಿ, ಹಳೆಯ ಮತ್ತು ಹೊಸ ಸಂಖ್ಯೆಗಳನ್ನೂ ಆದ ಬದಲಾವಣೆಯನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು ಕಾಪಾಡಬೇಕು. ಐದನೆಯದಾಗಿ, ಅಪ್‌ಡೇಟಿನ ಹಿಂದೆ ಮುಂದೆ ಒಂದೊಂದು ವಾರ ಕಾರು ಓಡಿದ ದೂರವನ್ನೂ ಹಿಡಿದ ಚಾರ್ಜನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ವಾದ ಬಂದಾಗ ನೆನಪಿಗಿಂತ ಲೆಕ್ಕಕ್ಕೆ ಬೆಲೆ ಹೆಚ್ಚು.

ಡೀಲರನ್ನು ಶತ್ರುವೆಂದು ಭಾವಿಸುವುದು ಸರಿಯಲ್ಲ. ಗಾಳಿಯಲ್ಲಿ ಬರುವ ಅಪ್‌ಡೇಟಿಗೆ ಮುಖವಿಲ್ಲ. ಡೀಲರಲ್ಲಿ ಪ್ರಶ್ನೆ ಕೇಳಲು ಒಬ್ಬ ಮನುಷ್ಯನಾದರೂ ಇದ್ದಾನೆ. ಆ ಮನುಷ್ಯನಿಗೆ ಸರಿಯಾದ ತರಬೇತಿಯೂ, ಗಿರಾಕಿಗೆ ತನ್ನ ಭಾಷೆಯಲ್ಲಿ ಒಂದು ಪುಟದ ವಿವರಣೆಯೂ ದೊರೆತರೆ ಅರ್ಧ ತೊಂದರೆ ಪರಿಹಾರವಾದಂತೆ. ಜಾಬ್ ಕಾರ್ಡು ಕನ್ನಡದಲ್ಲಿ ಬರಲೆಂದು ಕೇಳುವುದು ಭಾಷಾಭಿಮಾನದ ಮಾತು ಮಾತ್ರವಲ್ಲ. ತನ್ನ ವಸ್ತುವಿಗೆ ಏನಾಯಿತೆಂದು ತಿಳಿಯುವ ಹಕ್ಕಿನ ಮಾತು.

ಬುದ್ಧಿ ಬೇರೆಯವರಲ್ಲಿರುವ ವಸ್ತುವಿಗೆ ಪೂರ್ಣ ಒಡೆಯರಾಗುವುದು ಕಷ್ಟ. ಆದರೆ ಏನು ಬದಲಾಯಿತು, ಏಕೆ ಬದಲಾಯಿತು ಎಂದು ಕೇಳಿ ತಿಳಿದು ಬರೆದಿಟ್ಟುಕೊಂಡವನು ಬರಿಯ ಗಿರಾಕಿಯಾಗಿ ಉಳಿಯುವುದಿಲ್ಲ. ನಮ್ಮ ಹಿರಿಯರು ಬಂಡಿಯ ಕೀಲಿಗೆ ತಾವೇ ಎಣ್ಣೆ ಹಾಕುತ್ತಿದ್ದರು. ಈ ಹೊಸ ಬಂಡಿಯ ಕೀಲು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನಾವು ಹಾಕಬಹುದಾದ ಎಣ್ಣೆಯೆಂದರೆ ತಿಳಿವಳಿಕೆ. ಓದು ಬಲ್ಲ ನಾವು ವಿದ್ಯಾರ್ಥಿಗಳು ಅದನ್ನು ನಮ್ಮ ನಮ್ಮ ಮನೆಯವರಿಗೆ ತಲಪಿಸಿದರೆ ಕಲಿತ ವಿದ್ಯೆ ಅಷ್ಟರ ಮಟ್ಟಿಗೆ ಸಾರ್ಥಕವಾದೀತು.